ಓಡುವ ಲೇಬಲ್‌ಗೊಂದು ದೀಪ

ನಮ್ಮ ಅತ್ತಿಗೆ ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. ತಟ್ಟೆ ಎಡಗೈಯಲ್ಲಿರುತ್ತದೆ, ತುತ್ತು ಬಾಯಲ್ಲಿರುತ್ತದೆ, ಕಾಲು ಮಾತ್ರ ಕಿಟಕಿಯಿಂದ ಬಾಗಿಲಿಗೂ ಬಾಗಿಲಿಂದ ಕಿಟಕಿಗೂ ಹೋಗಿಬರುತ್ತಿರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮ, "ಯಾಕಮ್ಮ, ಆ ಕುರ್ಚಿ ಚುಚ್ಚುತ್ತಾ?" ಎಂದು ಕೇಳಿದ್ದಳು. ಅತ್ತಿಗೆ ಕುರ್ಚಿಯನ್ನು ತಲೆಕೆಳಗು ಮಾಡಿ, ಸಡಿಲವಾಗಿದ್ದ ಒಂದು ಸ್ಕ್ರೂ ಬಿಗಿ ಮಾಡಿ, "ಈಗ ಚುಚ್ಚಲ್ಲ ಅತ್ತೆ" ಎಂದು ಹೇಳಿ, ಮತ್ತೆ ತಟ್ಟೆ ಹಿಡಿದು ನಡೆಯತೊಡಗಿದಳು.

ಅಣ್ಣ ಸಿಟಿ ಬಸ್ಸಿನ ಡ್ರೈವರ್. ಯಾರಾದರೂ ನೆಂಟರು ಬಂದರೆ ಅವನದು ಒಂದೇ ಮಾತು: "ನಾನು ಕೂತ್ಕೊಂಡೇ ಊರೆಲ್ಲ ಸುತ್ತುತೀನಿ. ಇವಳು ಮನೆಯೊಳಗೇ ನನಗಿಂತ ದೂರ ಹೋಗ್ತಾಳೆ." ಅತ್ತಿಗೆ ಕೆಲಸ ಮಾಡುವ ಕಡೆ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದಾರೆ. ಅವಳಿಗೆ ಅದರಿಂದ ಬೇಜಾರಿಲ್ಲ. ಫೋನಿನಲ್ಲೂ ಒಮ್ಮೊಮ್ಮೆ, "ನಾನು ಬುಗುರಿ ಮಾತಾಡ್ತಿರೋದು" ಎಂದುಬಿಡುತ್ತಾಳೆ.

ಇಂಥ ಹೆಂಗಸಿನ ಪಾಲಿಗೆ ಬಂದ ಕೆಲಸ, ಒಂದು ಪ್ರೋಗ್ರಾಮನ್ನು ಸರಿಯಾದ ಹೊತ್ತು ಸುಮ್ಮನೆ ಮಲಗಿಸುವುದು.

ಅವಳ ಕಾರ್ಖಾನೆ ಎಂದರೆ ಟಯರ್ ಅಂಗಡಿಯ ಮೇಲಿನ ಒಂದು ಉದ್ದ ಕೋಣೆ. ಕೆಳಗಿನಿಂದ ರಬ್ಬರಿನ ವಾಸನೆ, ಒಳಗಿನಿಂದ ಬೆಸುಗೆಯ ಹೊಗೆಯ ವಾಸನೆ, ಎರಡೂ ಮೆಟ್ಟಿಲ ಮೇಲೆ ಭೇಟಿಯಾಗುತ್ತವೆ. ಅಚ್ಚಿನ ಯಂತ್ರಗಳಿಗೆ ಬೇಕಾದ ವಿದ್ಯುತ್ ಪೆಟ್ಟಿಗೆಗಳನ್ನು ಅಲ್ಲಿ ಕಟ್ಟುತ್ತಾರೆ, ಕೆಟ್ಟವನ್ನು ರಿಪೇರಿ ಮಾಡುತ್ತಾರೆ. ಅತ್ತಿಗೆ ಸೇರಿದಾಗ ಅವಳನ್ನು ಕೂರಿಸಿದ್ದು ಬಾಗಿಲ ಪಕ್ಕದ ಫೋನಿನ ಮೇಜಿಗೆ. ಕಂಪ್ಯೂಟರ್ ಓದಿದ್ದಳು ನಿಜ, ಆದರೆ ಬೆಳಗಿನಿಂದ ಸಂಜೆತನಕ ಅವಳು ಹೇಳುತ್ತಿದ್ದದ್ದು "ಸ್ವಿಚ್ ಆಫ್ ಮಾಡಿ, ಸ್ವಲ್ಪ ತಡೆದು ಆನ್ ಮಾಡಿ" ಎಂಬ ಒಂದೇ ಮಾತು. ಫೋನಿನ ವೈರು ಎಷ್ಟು ಉದ್ದವೋ ಅಷ್ಟೇ ಅವಳ ಓಡಾಟ. ಮನೆಗೆ ಬಂದಾಗ ಅವಳ ಮುಖ ಕಟ್ಟಿಹಾಕಿದ ಕರುವಿನ ಮುಖದ ಹಾಗಿರುತ್ತಿತ್ತು. ಕಿಟಕಿಯ ಪಕ್ಕದ ಕೆಲಸದ ಮೇಜು ತನಗೆ ಬೇಕೆಂದು ಅವಳು ಎಷ್ಟು ಸಲ ಕೇಳಿದಳೋ! ಕೊನೆಗೆ ಕಾರ್ಖಾನೆಯ ಯಜಮಾನರು, "ಸರಿ ಕಣಮ್ಮ ಬುಗುರಿ, ಈ ದೀಪದ ಕೆಲಸ ನೀನೇ ಮಾಡು, ನೋಡೋಣ" ಎಂದರು.

ಆ ದೀಪ ಒಂದು ಲೇಬಲ್ ಪ್ರೆಸ್ಸಿಗೆ ಬೇಕಾಗಿತ್ತು. ಔಷಧಿ ಬಾಟಲಿಗೆ ಅಂಟಿಸುವ ಲೇಬಲ್‌ಗಳು ಅಲ್ಲಿ ದೊಡ್ಡ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತವೆ. ಸುರುಳಿ ಎಷ್ಟು ಜೋರಾಗಿ ಓಡುತ್ತದೆಂದರೆ ಕಣ್ಣಿಗೆ ಲೇಬಲ್ ಕಾಣುವುದಿಲ್ಲ, ಬಣ್ಣದ ಒಂದು ಪಟ್ಟಿ ಕಾಣುತ್ತದೆ, ಅಷ್ಟೇ. ಕೆಂಪು ಅಕ್ಷರ ಕಪ್ಪು ಗೆರೆಯ ಮೇಲೆ ಹತ್ತಿದೆಯೋ, ಸೂಚನೆಯ ಸಣ್ಣಕ್ಷರ ಮಸುಕಾಗಿದೆಯೋ ನೋಡಬೇಕೆಂದರೆ ಯಂತ್ರ ನಿಲ್ಲಿಸಬೇಕು. ನಿಲ್ಲಿಸದೆ ನೋಡಲು ಒಂದು ಉಪಾಯವಿದೆ. ಒಂದು ಲೇಬಲ್ ದಾಟುವಷ್ಟು ಹೊತ್ತಿಗೆ ಸರಿಯಾಗಿ ಒಂದೇ ಸಲ ಮಿಂಚುವ ದೀಪವನ್ನು ಮೇಲೆ ಹಿಡಿಯುವುದು. ಪ್ರತಿ ಮಿಂಚಿಗೂ ಮುಂದಿನ ಲೇಬಲ್ ಹಿಂದಿನದರ ಜಾಗಕ್ಕೇ ಬಂದಿರುತ್ತದೆ. ಕಣ್ಣಿಗೆ ಒಂದೇ ಲೇಬಲ್ ನಿಂತ ಹಾಗೆ ಕಾಣುತ್ತದೆ. ಮಿಂಚು ಪ್ರತಿ ಸಲ ಕೂದಲೆಳೆಯಷ್ಟು ತಡವಾದರೂ ಸಾಕು, ನಿಂತದ್ದು ಜರುಗತೊಡಗುತ್ತದೆ.

ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತ ಅತ್ತಿಗೆ ಇದನ್ನೆಲ್ಲ ನನಗೆ ಹೇಳುತ್ತಿದ್ದಳು. ಹೇಳುವಾಗ ಒಂದೊಂದು ಬಟ್ಟೆಯನ್ನೂ ಎರಡೆರಡು ಸಲ ಕೊಡವುತ್ತಿದ್ದಳು.

"ಒಂದು ಪ್ರೋಗ್ರಾಮಿನೊಳಗೆ ನಾಲ್ಕೈದು ಕೆಲಸ ಒಟ್ಟಿಗೆ ನಡೀತಿರುತ್ತೆ. ಒಂದೊಂದಕ್ಕೂ ಒಂದೊಂದು ಥ್ರೆಡ್ ಅಂತೀವಿ. ಒಬ್ಬ ಪರದೆ ನೋಡ್ಕೊಳ್ತಾನೆ, ಒಬ್ಬ ಗುಂಡಿ ನೋಡ್ಕೊಳ್ತಾನೆ. ದೀಪ ಹಚ್ಚೋನು ಒಬ್ಬ ಇದ್ದಾನಲ್ಲ, ಅವನ ಕೆಲಸ ಏನು ಹೇಳು? ಹಚ್ಚೋದು, ಮಲಗೋದು. ಹಚ್ಚೋದು, ಮಲಗೋದು."

"ಸುಖವಾಗಿದ್ದಾನೆ."

"ಏನು ಸುಖ! ಅವನನ್ನ ಎಬ್ಬಿಸೋರು ಸರಿಯಿಲ್ಲ. 'ಇಷ್ಟು ಹೊತ್ತು ಮಲಗಿಸು' ಅಂತ ಸಿಸ್ಟಮ್‌ಗೆ ಹೇಳ್ತೀನಿ. ಅದು ಕೊಡೋ ಮಾತು ಏನು ಗೊತ್ತಾ? ಅಷ್ಟಕ್ಕೆ ಮುಂಚೆ ಎಬ್ಬಿಸಲ್ಲ ಅಂತ. ಆಮೇಲೆ ಯಾವಾಗ ಎಬ್ಬಿಸ್ತೀನಿ ಅಂತ ಬಾಯೇ ಬಿಡಲ್ಲ. ಬೇರೆ ಕೆಲಸ ಇದ್ರೆ ಮಾಡ್ಕೊಂಡು, ನೆನಪಾದಾಗ ಬಂದು ತಟ್ಟುತ್ತೆ."

"ನಿಮ್ಮ ಗಂಡನ ಹಾಗೆ."

"ನಿಮ್ಮಣ್ಣನ್ನ ಎಬ್ಬಿಸೋಳು ನಾನು. ಅವರು ಯಾರನ್ನೂ ಎಬ್ಬಿಸಿದ್ದಿಲ್ಲ" ಎಂದು ನಕ್ಕು, ಹಗ್ಗದ ಮೇಲಿದ್ದ ಅಂಗಿಯನ್ನು ಸುಮ್ಮನೆ ಇನ್ನೊಂದು ಕಡೆಗೆ ಎಳೆದು ಹಾಕಿದಳು.

ಅತ್ತಿಗೆ ಇದಕ್ಕೆ ಮದ್ದು ಕಂಡುಕೊಂಡಿದ್ದಳು. ಎಬ್ಬಿಸುವುದು ಎಷ್ಟು ತಡವಾಗುತ್ತದೆಂದು ಅಳೆದು, ಅಷ್ಟನ್ನು ಮೊದಲೇ ಕಳೆದು, ಕಡಿಮೆ ಹೊತ್ತು ಮಲಗಿಸುವುದು. ಆ ಕಳೆಯುವ ಅಂಕಿಯನ್ನು ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಮಾಡುತ್ತ, ವಾರಗಟ್ಟಲೆ ಒದ್ದಾಡಿ, ಕೊನೆಗೊಂದು ಅಂಕಿಗೆ ತಲುಪಿದ್ದಳು. ಅವಳ ಮೇಜಿನ ಮೇಲೆ ಚಿತ್ರ ಕಲ್ಲಿನ ಹಾಗೆ ನಿಂತಿತ್ತು. ಆ ಅಂಕಿಯ ಮೇಲೆ ಅವಳಿಗೆ ಹೆತ್ತವಳ ಅಕ್ಕರೆ ಹುಟ್ಟಿಬಿಟ್ಟಿತು. "ನನ್ನ ನಂಬರು" ಎನ್ನುತ್ತಿದ್ದಳು.

ಪ್ರೆಸ್ಸಿನಲ್ಲಿ ಮೊದಲ ಸಲ ತೋರಿಸಿದ ದಿನ ಆ ನಂಬರು ಕೈಕೊಟ್ಟಿತು.

ಅಲ್ಲಿಯ ಯಂತ್ರ ನೋಡಿಕೊಳ್ಳುವಾಕೆ ದಪ್ಪನೆಯ ಹೆಂಗಸು, ಕನ್ನಡಕ ಹಣೆಯ ಮೇಲೆ, ಹತ್ತಿಯ ಬಟ್ಟೆಯೊಂದು ಹೆಗಲ ಮೇಲೆ. ಯಾರು ಹೊಸಬರು ಬಂದರೂ ಮೊದಲು ಹೇಳುವುದು, "ಓಡ್ತಿರುವಾಗ ಕಣ್ಣು, ನಿಂತಾಗ ಕೈ. ಇಲ್ಲಿ ಅಷ್ಟೇ ಕಾನೂನು." ಯಂತ್ರ ನಿಂತ ಕೂಡಲೇ ಆಕೆಯ ಕೈ ತಾನಾಗಿ ಹೆಗಲ ಬಟ್ಟೆಗೆ ಹೋಗುತ್ತದೆ, ರೋಲರಿಗೆ ಅಂಟಿದ ಕಾಗದದ ಧೂಳನ್ನು ಒರೆಸಿ ಬರುತ್ತದೆ. ಆಕೆ ಅದನ್ನು ಯೋಚಿಸಿ ಮಾಡುವುದಿಲ್ಲ. ನಾವು ಕಣ್ಣಿಗೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸುತ್ತೇವಲ್ಲ, ಹಾಗೆ.

ದೀಪ ಹಚ್ಚಿದರು. ಲೇಬಲ್ ನಿಂತಿತು. ಯಜಮಾನರು ಎದೆ ಉಬ್ಬಿಸಿದರು. ಆಕೆ ಬೆಳಕು ಸ್ವಲ್ಪ ಜಾಸ್ತಿ ಮಾಡೋಣವೆಂದು ದೀಪದ ಪೆಟ್ಟಿಗೆಯ ಪರದೆಯ ಮೇಲೆ ಬೆರಳಿಟ್ಟರು. ಲೇಬಲ್ ಒಮ್ಮೆ ಕುಪ್ಪಳಿಸಿ, ನಿಧಾನವಾಗಿ ಕೆಳಗೆ ಜಾರತೊಡಗಿತು.

"ನೋಡಮ್ಮ, ನಿನ್ನ ಲೇಬಲ್ ಮನೆಗೆ ಹೊರಟಿತು" ಎಂದರು ಆಕೆ.

ಬೆರಳು ತೆಗೆದರೆ ನಿಂತಿತು, ಬೇರೆ ಜಾಗದಲ್ಲಿ. ಮತ್ತೆ ಬೆರಳಿಟ್ಟರೆ ಮತ್ತೆ ಹೊರಟಿತು. ಅಲ್ಲಿದ್ದ ಇನ್ನಿಬ್ಬರು ಕೆಲಸದವರಿಗೆ ಅದು ಆಟವಾಯಿತು. ಅತ್ತಿಗೆಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತಂತೆ.

ವಾಪಸು ಬರುವಾಗ ಕಾರಿನಲ್ಲಿ ಯಜಮಾನರು ಕೇಳಿದರು: "ಅವರ ಮೆಷೀನೇ ಹಳೇದಲ್ವಾ? ಅದರ ವೇಗವೇ ಏರುಪೇರು ಆಗ್ತಿದೆ ಅಂತ ಹೇಳಿಬಿಡೋಣ್ವಾ?"

"ಗೊತ್ತಿಲ್ಲ ಸಾರ್. ಇರಬಹುದು. ನಂದೇ ಇರಬಹುದು."

"ಗೊತ್ತಿಲ್ಲ ಅಂದ್ರೆ ಹೇಗಮ್ಮ? ಮುಂದಿನ ಶುಕ್ರವಾರ ಇನ್ನೊಂದು ಸಲ ಬನ್ನಿ ಅಂದಿದ್ದಾರೆ. ಅವತ್ತು ನಿಲ್ಲಲಿಲ್ಲ ಅಂದ್ರೆ ನಾನು ಹೊರಗಡೆಯಿಂದ ದೀಪ ಮಿಂಚಿಸೋ ರೆಡಿಮೇಡ್ ಕಾರ್ಡು ತರಿಸಿ ಹಾಕ್ತೀನಿ. ನಿನ್ನ ಪ್ರೋಗ್ರಾಮ್ ಬೇಡ. ಆ ಕಿಟಕಿ ಹತ್ರ ಬೇರೆಯವರು ಕೂರ್ತಾರೆ. ಆಮೇಲೆ ನನ್ನ ಮೇಲೆ ಮುನಿಸ್ಕೋಬೇಡ."

ಅಂದರೆ ಮತ್ತೆ ಫೋನು. ಮತ್ತೆ ಆ ಗಿಡ್ಡ ವೈರು.

ಆ ವಾರ ಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸುವವರಿರಲಿಲ್ಲ. ಹಾಲು ಕಾಯಲು ಇಟ್ಟು ಮಹಡಿಗೆ ಹೋಗಿಬಿಡುವಳು, ಮಹಡಿಯಿಂದ ಏನು ತರಲು ಹೋದೆನೆಂದು ಮರೆತು ಇಳಿದು ಬರುವಳು. ಬಾಗಿಲ ಚಿಲಕ ಹಾಕುವುದು, ತೆಗೆಯುವುದು. ಅಣ್ಣ, "ಸ್ವಲ್ಪ ಕೂರು ತಾಯಿ, ನಿನ್ನ ನೋಡಿ ನೋಡಿ ನನ್ನ ಕಾಲು ನೋಯ್ತಿದೆ" ಎಂದು ಕೈಮುಗಿದ. ಅವಳು ಕೂತಳು. ಕೂತಲ್ಲೇ ಮೊಣಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ತಪ್ಪು ತನ್ನದೆಂದು ಗೊತ್ತಾದರೆ ತಿದ್ದಬಹುದು, ಪ್ರೆಸ್ಸಿನದೆಂದು ಗೊತ್ತಾದರೆ ಜಗಳವಾಡಬಹುದು. ಎರಡೂ ಗೊತ್ತಿಲ್ಲದೆ ಇರುವುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಕಾರ್ಖಾನೆಯಿಂದ ದೀಪದ ಜೊತೆಗೆ ಒಂದು ಮೋಟಾರು ಹೊತ್ತು ತಂದಳು. ವೇಗ ಒಂದಿಷ್ಟೂ ಹೆಚ್ಚುಕಡಿಮೆಯಾಗದ ಜಾತಿಯದು. ಅಟ್ಟದಲ್ಲಿದ್ದ ನಮ್ಮ ಕೆಟ್ಟ ಟೇಬಲ್ ಫ್ಯಾನಿನ ಲೋಹದ ರೆಕ್ಕೆಗಳನ್ನು ಬಿಚ್ಚಿ ಅದಕ್ಕೆ ಸಿಕ್ಕಿಸಿದಳು. ಮೋಟಾರನ್ನು ಊಟದ ಮೇಜಿನ ಅಂಚಿಗೆ ಕ್ಲ್ಯಾಂಪಿನಿಂದ ಬಿಗಿದಳು. ಒಂದು ರೆಕ್ಕೆಯ ಮೇಲೆ ನನ್ನ ಉಗುರು ಬಣ್ಣದಿಂದ ಒಂದು ಚುಕ್ಕೆ ಇಟ್ಟಳು.

"ಈ ಮೋಟಾರು ಸುಳ್ಳು ಹೇಳಲ್ಲ" ಎಂದಳು. "ಚುಕ್ಕೆ ನಿಂತ್ರೆ ದೀಪ ಸರಿ. ಜರುಗಿದ್ರೆ ನಂದೇ ತಪ್ಪು."

ಅಮ್ಮ ಅಡುಗೆಮನೆಯಿಂದ ಇಣುಕಿ, "ಅದು ನನ್ನ ಫ್ಯಾನಲ್ವೇನೇ?" ಎಂದಳು.

"ನಿಮ್ಮದೇ ಅತ್ತೆ. ಅದಕ್ಕೆ ಮರುಜನ್ಮ ಬಂದಿದೆ."

ಕಿಟಕಿಯ ಪರದೆಗಳನ್ನು ಎಳೆದು ಕೋಣೆ ಕತ್ತಲು ಮಾಡಿದೆವು. ಸೆಕೆಯೆಂದು ಮೇಲಿನ ಫ್ಯಾನು ಹಾಕಿಕೊಂಡಿದ್ದೆವು, ಅದು ಎಂದಿನಂತೆ ಗೊರಗೊರ ಎನ್ನುತ್ತಿತ್ತು. ದೀಪ ಮಿಂಚತೊಡಗಿತು. ಗಾಳಿಯಲ್ಲಿ ಕರಗಿಹೋಗಿದ್ದ ಮೇಜಿನ ಮೇಲಿನ ರೆಕ್ಕೆಗಳು ಒಂದೊಂದಾಗಿ ಮೂಡಿ ನಿಂತವು. ಚುಕ್ಕೆ ಮೇಲ್ಗಡೆ ನಿಂತಿತ್ತು. ಅತ್ತಿಗೆ ಉಸಿರು ಹಿಡಿದು ಪರದೆಯ ಮೇಲೆ ಬೆರಳಿಟ್ಟಳು. ಚುಕ್ಕೆ ಗಡಿಯಾರದ ಮುಳ್ಳಿನ ಹಾಗೆ ಹೊರಟಿತು.

"ನಂದೇ" ಎಂದಳು. ದನಿಯಲ್ಲಿ ದುಃಖವಿರಲಿಲ್ಲ, ಹಗುರವಿತ್ತು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಕಾಲುಗಳು ಸುಮ್ಮನಿದ್ದವು.

ಬೆರಳು ತೆಗೆದಳು. ಚುಕ್ಕೆ ಪಕ್ಕಕ್ಕೆ ಸರಿದಲ್ಲೇ ನಿಂತಿತು. ಇಟ್ಟಳು, ತೆಗೆದಳು. ಪ್ರತಿ ಸಲವೂ ಚುಕ್ಕೆ ಮುಂದಿನ ಹೊಸ ಜಾಗದಲ್ಲಿ ನೆಲೆಯಾಗುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ ನೋಡುತ್ತ ನೋಡುತ್ತ, "ವಾಪಸ್ ಬರ್ತಿಲ್ಲ, ನೋಡು" ಎಂದಳು.

"ಯಾವುದು?"

"ಚುಕ್ಕೆ. ಒಂದು ಸಲ ತಡ ಆಯ್ತು ಅಂದ್ರೆ ಆ ತಡ ಹಾಗೇ ಉಳ್ಕೊಳ್ತಿದೆ. ಮುಂದಿನ ನಿದ್ದೆ ಆ ತಡದಿಂದಾನೇ ಶುರುವಾಗ್ತಿದೆ. ಎದ್ದ ಮೇಲೆ ಇಷ್ಟು ಹೊತ್ತು, ಎದ್ದ ಮೇಲೆ ಇಷ್ಟು ಹೊತ್ತು ಅಂತ ಹೇಳ್ಕೊಂಡು ಹೋದೆ. ಎದ್ದಿದ್ದೇ ತಡವಾದ್ರೆ?" ಹಣೆ ಬಡಿದುಕೊಂಡಳು. "ತಡ ಯಾವಾಗಲೂ ಒಂದೇ ಸಮ ಇರುತ್ತೆ ಅಂದ್ಕೊಂಡು ಆ ದರಿದ್ರ ನಂಬರು ಕಳೀತಾ ಕೂತೆ. ನನ್ನ ಮೇಜಿನ ಮೇಲೆ ಅದು ಸಮ ಇತ್ತು, ಯಾಕಂದ್ರೆ ಅಲ್ಲಿ ಪರದೆ ಮುಟ್ಟಿ ಸಿಸ್ಟಮ್‌ಗೆ ಕೆಲಸ ಹೆಚ್ಚಿಸೋರು ಯಾರೂ ಇರಲಿಲ್ಲ."

ಅವಳು ಆ ನಂಬರನ್ನು ಅಳಿಸಿದಳು. ಅಳಿಸುವ ಮುಂಚೆ ಒಂದು ಗಳಿಗೆ ಬೆರಳು ಗುಂಡಿಯ ಮೇಲೆ ತಡೆದದ್ದನ್ನು ನಾನು ನೋಡಿದೆ. ಆಮೇಲೆ ಬರೆದದ್ದು ಬೇರೆ ಥರ. ಇಷ್ಟು ಹೊತ್ತು ಮಲಗು ಎನ್ನುವ ಬದಲು, ಗಡಿಯಾರದಲ್ಲಿ ಇಂಥ ಕ್ಷಣ ಬರುವ ತನಕ ಮಲಗು ಎಂದು. ಮುಂದಿನ ಕ್ಷಣವನ್ನು ಎದ್ದ ಹೊತ್ತಿನಿಂದ ಎಣಿಸುವುದಿಲ್ಲ, ಏಳಬೇಕಾಗಿದ್ದ ಹೊತ್ತಿನಿಂದ ಎಣಿಸುತ್ತದೆ. ಈ ಸಲ ತಡವಾಗಿ ಎದ್ದರೆ ಮುಂದಿನ ನಿದ್ದೆ ಅಷ್ಟು ಕಡಿಮೆ. ತಡ ಉಳಿಯುವುದಿಲ್ಲ.

ಮತ್ತೆ ಹಚ್ಚಿದೆವು. ಈಗ ಬೆರಳಿಟ್ಟರೆ ಚುಕ್ಕೆ ಒಮ್ಮೆ ಬೆಚ್ಚಿದಂತೆ ಅತ್ತ ಹಾರಿ, ತಕ್ಷಣ ಇದ್ದಲ್ಲಿಗೇ ಬಂದು ಕೂರುತ್ತಿತ್ತು. ಓಡಿಹೋಗುತ್ತಿರಲಿಲ್ಲ. ಆದರೆ ನಡುಗುತ್ತಿತ್ತು.

"ಇದು ಸಾಕಲ್ವಾ?" ಎಂದೆ.

"ನಡುಗೋ ಅಕ್ಷರ ಓದೋಕಾಗುತ್ತಾ? ನೀನು ಪರೀಕ್ಷೆಯಲ್ಲಿ ಬರೆಯೋ ಹಾಗೆ ಕಾಣುತ್ತೆ."

ಮಧ್ಯಾಹ್ನ ಊಟವನ್ನು ಕಿಟಕಿ ಬಾಗಿಲುಗಳ ನಡುವೆ ಮುಗಿಸಿ ಬಂದು ಇನ್ನೊಂದು ಬದಲಾವಣೆ ಮಾಡಿದಳು. ಎಬ್ಬಿಸುವವರನ್ನು ಪೂರ್ತಿ ನಂಬಬಾರದು ಎಂಬುದೇ ಅದರ ತಿರುಳು. ಕ್ಷಣಕ್ಕೆ ಸ್ವಲ್ಪ ಮುಂಚೆಯೇ ಎಬ್ಬಿಸಿಕೊಳ್ಳುವುದು, ಉಳಿದ ಚೂರು ಹೊತ್ತನ್ನು ಮಲಗದೆ, ಗಡಿಯಾರವನ್ನೇ ದಿಟ್ಟಿಸುತ್ತ ಕಳೆಯುವುದು. "ಪೂರ್ತಿ ಹೊತ್ತು ಎದ್ದೇ ಇದ್ರೆ ಪ್ರೋಗ್ರಾಮು ಓಡೋ ಬೋರ್ಡು ಕಾದು ಕೆಂಡ ಆಗುತ್ತೆ, ಬೇರೆ ಕೆಲಸದೋರಿಗೆ ಜಾಗ ಸಿಗಲ್ಲ. ಪೂರ್ತಿ ಮಲಗಿದ್ರೆ ತಡ. ಮುಕ್ಕಾಲು ಮಲಗಿ, ಕಾಲು ಕಾಯೋದು" ಎಂದಳು. ಆ ಕಾಯುವ ಚೂರನ್ನು ಎಷ್ಟು ಇಡಬೇಕೆಂದು ಮತ್ತೆ ಒದ್ದಾಟ. ಕೋಣೆಯಲ್ಲಿ ದೀಪ ಮಿಂಚಿ ಮಿಂಚಿ ನನ್ನ ಕಣ್ಣು ಮಂಜಾಗಿತ್ತು.

ಅಷ್ಟರಲ್ಲಿ ಚುಕ್ಕೆ ನಿಂತಿತು.

ನಡುಕವಿಲ್ಲ, ಜಾರುವಿಕೆಯಿಲ್ಲ. ಬೆರಳಿಟ್ಟರೂ ಇಲ್ಲ. ರೆಕ್ಕೆಗಳು ಯಾರೋ ಬರೆದಿಟ್ಟ ಹಾಗೆ, ಅಂಚಿನ ಒಂದು ತುಕ್ಕಿನ ಕಲೆಯೂ ಕಾಣುವ ಹಾಗೆ ನಿಂತಿದ್ದವು. ಅತ್ತಿಗೆ ನನ್ನ ತೋಳನ್ನು ಹಿಂಡಿದಳು. ಇಬ್ಬರೂ ಕಂಪ್ಯೂಟರಿನ ಕಡೆಗೆ ಬಗ್ಗಿ, ಪ್ರತಿ ಮಿಂಚು ಎಷ್ಟು ತಡವಾಗಿದೆ ಎಂದು ತೋರಿಸುವ ಗೆರೆಯನ್ನು ನೋಡತೊಡಗಿದೆವು. ಗೆರೆ ತೊಳೆದ ಹಲಗೆಯ ಅಂಚಿನ ಹಾಗೆ ನೇರವಾಗಿತ್ತು.

ಅಮ್ಮ ಮೇಜು ಒರೆಸಲು ಒದ್ದೆ ಬಟ್ಟೆ ತಂದದ್ದು ನಮಗೆ ಗೊತ್ತಾಗಲಿಲ್ಲ. ಅಮ್ಮ ಕೈಗೆ ಬಟ್ಟೆ ಸಿಕ್ಕರೆ ಸಿಕ್ಕಿದ್ದನ್ನೆಲ್ಲ ಒರೆಸುವವಳು. ಮೇಜಿನ ಈ ತುದಿಯಿಂದ ಆ ತುದಿಗೆ ಬಂದಳು. ತನ್ನ ಫ್ಯಾನು ನಿಂತಿದೆ. ಅದರ ರೆಕ್ಕೆಯ ಮೇಲೆ ಕೆಂಪು ಕಲೆ. ಸದ್ದು ಕೇಳುತ್ತಿದೆ, ಅದು ಮೇಲಿನ ಫ್ಯಾನಿನದು. ಗಾಳಿಯೂ ಅದರದೇ ಅಂದುಕೊಂಡಳು.

"ಏನಿದು ಕಲೆ" ಎಂದದ್ದು ಕೇಳಿ ಅತ್ತಿಗೆ ತಿರುಗಿದಳು. ಅಮ್ಮನ ಕೈ ರೆಕ್ಕೆಯ ಕಡೆಗೆ ಹೋಗುತ್ತಿತ್ತು.

ಅತ್ತಿಗೆ ಕೂಗಲಿಲ್ಲ, ಕೂಗುವಷ್ಟು ಹೊತ್ತಿರಲಿಲ್ಲ. ಮೈಮೇಲೆ ಬಿದ್ದಳು. ಅಮ್ಮನ ಮುಂಗೈಗೆ ಅವಳ ಕೈ ಬಡಿಯಿತು, ಬಟ್ಟೆ ರೆಕ್ಕೆಗೆ ಸಿಕ್ಕಿತು. ಫಟಾರೆಂದು ಅದು ಗೋಡೆಗೆ ಹೋಗಿ ಹೊಡೆದು, ಚಿಂದಿಯಾಗಿ ನೆಲಕ್ಕೆ ಬಿತ್ತು. ನಾನು ಮೋಟಾರಿನ ವೈರು ಕಿತ್ತೆ. ದೀಪ ಮಿಂಚುತ್ತಲೇ ಇತ್ತು, ನಿಧಾನವಾಗುತ್ತಿದ್ದ ರೆಕ್ಕೆಗಳು ಅದರ ಬೆಳಕಿನಲ್ಲಿ ಹಿಂದಕ್ಕೆ ಮುಂದಕ್ಕೆ ಹುಚ್ಚುಹುಚ್ಚಾಗಿ ತಿರುಗಿದವು.

ಅಮ್ಮ ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಎಲ್ಲವೂ ಇದ್ದವು. ಮುಂಗೈ ಮೇಲೆ ಅತ್ತಿಗೆಯ ಉಗುರು ಗೀರಿದ ಗೆರೆ ಮಾತ್ರ ಕೆಂಪಗಿತ್ತು.

"ನಿಂತಿತ್ತಲ್ಲೇ" ಎಂದಳು, ತಪ್ಪು ಮಾಡಿದ ಮಗುವಿನ ಹಾಗೆ. "ನನ್ನ ಕಣ್ಣಾಣೆ ನಿಂತಿತ್ತು. ನಾನೇನು ಓಡೋ ಫ್ಯಾನಿಗೆ ಕೈ ಹಾಕೋಳಾ?"

"ಇಲ್ಲ ಅತ್ತೆ. ನಿಮ್ಮ ತಪ್ಪಲ್ಲ."

"ಕಣ್ಣಿಗೆ ಮಣ್ಣೆರಚೋ ದೀಪ ಕಣೇ ಇದು. ಇಂಥದ್ದನ್ನ ಮಾಡೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?" ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಅಡುಗೆಮನೆಗೆ ಹೋಗಿ, ಮತ್ತೊಂದು ಬಟ್ಟೆ ತರದೆ, ಸುಮ್ಮನೆ ನೀರಿನ ನಲ್ಲಿ ಬಿಟ್ಟು ಕೈ ಹಿಡಿದುಕೊಂಡು ನಿಂತಳು.

ಸಂಜೆ ಅಣ್ಣ ಬಂದಾಗ ಅತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ವಿಷಯ ಕೇಳಿ ಅವನು ಮೊದಲು ಅಮ್ಮನ ಕೈ ನೋಡಿ ಬಂದ. ಆಮೇಲೆ ಹೆಂಡತಿಯ ಪಕ್ಕ ಕೂತ.

"ಹೋಗ್ಲಿ ಬಿಡು, ಏನೂ ಆಗಲಿಲ್ಲವಲ್ಲ. ದೀಪ ಸರಿಹೋಯ್ತು ಅಂತಲ್ಲ? ಶುಕ್ರವಾರ ಗೆದ್ದೆ ಅನ್ನು."

"ರೀ, ಪ್ರೆಸ್ಸಲ್ಲಿ ಒಬ್ಬರಿದ್ದಾರೆ. ಮೆಷೀನು ನಿಂತ ತಕ್ಷಣ ಅವರ ಕೈ ಒಳಗೆ ಹೋಗುತ್ತೆ. ನಿಂತಿದೆ ಅಂತ ಗೊತ್ತಾಗೋದು ಕಣ್ಣಿಂದ."

"ಅವರು ಕೆಲಸ ತಿಳಿದವರು. ಅವರಿಗೆ ಗೊತ್ತಿರುತ್ತೆ."

"ಅತ್ತೆಗೆ ಫ್ಯಾನು ಗೊತ್ತಿರಲಿಲ್ವಾ?"

ಅವಳು ಎದ್ದು ಅಂಗಳದಲ್ಲಿ ನಡೆಯತೊಡಗಿದಳು.

ಶುಕ್ರವಾರದ ಸಂಗತಿ ನನಗೆ ಗೊತ್ತಿರುವುದು ಅವಳ ಬಾಯಿಂದ. ಅವಳು ಹೇಳುವಾಗ ಎಲ್ಲರ ದನಿಯನ್ನೂ ತೆಗೆದು ಹೇಳುತ್ತಾಳೆ, ಆದ್ದರಿಂದ ನಾನೂ ಅಲ್ಲಿದ್ದೆನೇನೋ ಅನ್ನಿಸುತ್ತದೆ.

ದೀಪ ಜೋಡಿಸಿ, ಒಂದು ಉದ್ದ ವೈರಿನ ತುದಿಯ ಗುಂಡಿಯನ್ನು ಯಂತ್ರದ ಆಚೆಯ ಕಂಬಕ್ಕೆ ಬಿಗಿದಳು. ಯಜಮಾನರು, "ಅದೇನಮ್ಮ ಹೊಸದು?" ಎಂದರು. "ಹೇಳ್ತೀನಿ ಸಾರ್" ಎಂದಳು. ಯಂತ್ರ ಹೊರಟಿತು, ವೇಗ ಏರಿತು, ಬಣ್ಣಗಳು ಕಲಸಿ ಪಟ್ಟಿಯಾದವು. ದೀಪ ಹಚ್ಚಿದಳು. ಲೇಬಲ್ ಮೂಡಿತು, ಅಕ್ಷರಗಳು ಸೂಜಿಮೊನೆಯಷ್ಟು ಸ್ಪಷ್ಟ. ಮತ್ತು ಅದು ನಿಧಾನವಾಗಿ, ಒಂದೇ ಸಮನೆ ಕೆಳಗೆ ಹರಿಯುತ್ತಿತ್ತು.

ಯಜಮಾನರ ಮುಖದ ರಕ್ತ ಇಳಿಯಿತು. ಅವಳ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ, "ಮತ್ತೆ ಜರುಗ್ತಿದೆಯಲ್ಲಮ್ಮ!" ಎಂದರು.

"ನಾನೇ ಜರುಗಿಸ್ತಿರೋದು ಸಾರ್. ಪ್ರತಿ ಮಿಂಚಿಗೂ ಬೇಕಂತಲೇ ಚೂರು ತಡ ಸೇರಿಸಿದ್ದೀನಿ."

"ಹುಚ್ಚು ಹಿಡಿದಿದೆಯಾ? ಅವರು ಕೇಳಿದ್ದು ನಿಲ್ಲೋ ಚಿತ್ರ!"

"ನಿಲ್ಲುತ್ತೆ. ಆ ಗುಂಡಿ ಒತ್ತಿ ಹಿಡಿದಿರೋ ತನಕ ನಿಲ್ಲುತ್ತೆ. ಬಿಟ್ರೆ ಹೊರಡುತ್ತೆ."

"ಒತ್ತಿ ಹಿಡ್ಕೊಂಡು ಯಾರಮ್ಮ ನಿಂತಿರ್ತಾರೆ? ತೆಗಿ ಅದನ್ನ, ಈಗಲೇ ಸರಿ ಮಾಡು. ಇಲ್ಲಾಂದ್ರೆ ನಾನು ಹೇಳಿದ್ದು ನೆನಪಿದೆಯಲ್ಲ?"

ನೆನಪಿತ್ತು. ಪರದೆಯ ಮೇಲೆ ಒಂದು ಅಂಕಿಯನ್ನು ಸೊನ್ನೆ ಮಾಡಿದರೆ ಲೇಬಲ್ ಕಲ್ಲಿನ ಹಾಗೆ ನಿಲ್ಲುತ್ತಿತ್ತು, ಕಿಟಕಿಯ ಮೇಜು ಅವಳದಾಗುತ್ತಿತ್ತು. ಬೆರಳು ಪರದೆಯ ತನಕ ಹೋಗಿತ್ತೆಂದು ಅತ್ತಿಗೆ ನನ್ನ ಹತ್ತಿರ ಮುಚ್ಚಿಡಲಿಲ್ಲ. ಆದರೆ ಆ ಹೊತ್ತಿಗೆ ಅವಳು ನೋಡುತ್ತಿದ್ದದ್ದು ಪರದೆಯನ್ನಲ್ಲ, ದಪ್ಪನೆಯ ಆಕೆಯ ಹೆಗಲ ಮೇಲಿನ ಬಟ್ಟೆಯನ್ನು.

"ತೆಗೆಯಲ್ಲ ಸಾರ್" ಎಂದಳು.

"ಏನು ಗುಸುಗುಸು ಅಲ್ಲಿ?" ಎಂದು ಆಕೆ ಹತ್ತಿರ ಬಂದರು. ಯಂತ್ರದ ಸದ್ದಿಗೆ ಎಲ್ಲರೂ ಕಿರುಚಿಯೇ ಮಾತಾಡಬೇಕು. ಅತ್ತಿಗೆ ಕಿರುಚಿ ಹೇಳಿದಳು. ಭಾನುವಾರದ್ದನ್ನೂ ಹೇಳಿದಳು, ಬಟ್ಟೆ ಚಿಂದಿಯಾದದ್ದನ್ನೂ. ಆಕೆ ಕನ್ನಡಕವನ್ನು ಹಣೆಯಿಂದ ಇಳಿಸಿ ಅವಳನ್ನು ನೋಡಿದರು.

"ನಾನು ಅಷ್ಟು ಪೆದ್ದಿ ಅಂದ್ಕೊಂಡ್ಯಾ?"

"ನಮ್ಮತ್ತೆ ಪೆದ್ದಿ ಅಲ್ಲಮ್ಮ."

ಆಕೆ ಕಂಬದ ಹತ್ತಿರ ಹೋಗಿ ಗುಂಡಿ ಒತ್ತಿದರು. ಲೇಬಲ್ ನಿಂತಿತು. ಬಗ್ಗಿ ನೋಡಿದರು. ಅಲ್ಲಿಂದ ರೋಲರಿಗೆ ಕೈ ಸುಲಭಕ್ಕೆ ಎಟುಕುವುದಿಲ್ಲ, ಕಣ್ಣು ಎಟುಕುತ್ತದೆ. "ಕೆಂಪು ಮೇಲಕ್ಕೆ ಹೋಗಿದೆ, ಕಪ್ಪಿನ ಮೇಲೆ ಹತ್ತಿದೆ" ಎಂದು ಕೂಗಿದರು. "ಬೆಳಿಗ್ಗೆಯಿಂದ ಹೀಗೇ ಓಡಿದೆಯಾ? ಯಾರೂ ನೋಡಿಲ್ವಾ?" ಹೀಗೆ ಬೈಯುತ್ತಲೇ ಗುಂಡಿ ಬಿಟ್ಟರು. ಲೇಬಲ್ ಹೊರಟಿತು. ಹರಿಯುತ್ತಿದ್ದ ಚಿತ್ರವನ್ನು ಸ್ವಲ್ಪ ಹೊತ್ತು ಹಾಗೇ ನೋಡುತ್ತ ನಿಂತರು. ಆಮೇಲೆ ಯಂತ್ರವನ್ನು ನಿಜವಾಗಿಯೇ ನಿಲ್ಲಿಸಿ, ಬಟ್ಟೆ ತೆಗೆದು ಒರೆಸಿ, ಕೆಂಪಿನ ತಿರುಪನ್ನು ಸರಿಪಡಿಸಿದರು.

"ಸಾರ್" ಎಂದರು ಯಜಮಾನರಿಗೆ, ಕೈ ಒರೆಸಿಕೊಳ್ಳುತ್ತ. "ಹರೀತಿದ್ರೆ ಲೇಬಲಿನ ತಲೆಯಿಂದ ಕಾಲಿನ ತನಕ ಒಂದು ಸಲ ಕಣ್ಣ ಮುಂದೆ ಬಂದು ಹೋಗುತ್ತೆ. ನನಗೆ ಹೀಗೇ ಇರಲಿ. ಗುಂಡಿ ಇನ್ನೊಂದು ಗೇಣು ಆಚೆಗೆ ಹಾಕಿಸಿ. ನನ್ನ ಕೈ ಉದ್ದ."

ಯಜಮಾನರು ಬಾಯಿ ತೆರೆದು, ಮುಚ್ಚಿ, "ಅದೇ ನಾವೂ ಯೋಚಿಸಿದ್ದು" ಎಂದರು.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಕಂಬದ ಹಿಂದೆ ಹೋಗಿ ಗುಂಡಿಯ ಸ್ಕ್ರೂ ಬಿಚ್ಚುವ ನೆಪದಲ್ಲಿ ನಕ್ಕಳು.

ಅವತ್ತು ಸಂಜೆ ಅಣ್ಣ ಬಾಗಿಲಲ್ಲೇ ಕೇಳಿದ, "ನಿಂತಿತಾ?"

"ಬೇಕಾದಾಗ ನಿಲ್ಲುತ್ತೆ. ಒಪ್ಕೊಂಡ್ರು."

"ಕಿಟಕಿ ಮೇಜು?"

"ನಂದೇ. ಫೋನಿಗೆ ಬೇರೆಯವರನ್ನ ಹುಡುಕ್ತಾರಂತೆ."

ಅಮ್ಮ, "ಹಾಗಾದ್ರೆ ಇವತ್ತಾದ್ರೂ ಕೂತು ಉಣ್ಣು" ಎಂದು ತಟ್ಟೆ ಹಾಕಿ ಕುರ್ಚಿ ಎಳೆದಳು. ಅತ್ತಿಗೆ ಕೂತಳು. ನಿಜವಾಗಿ ಕೂತಳು. ನಾವು ಮೂವರೂ ಏನೋ ನಡೆಯಬಾರದ್ದು ನಡೆಯುತ್ತಿದೆ ಎಂಬಂತೆ ಅವಳನ್ನೇ ನೋಡುತ್ತಿದ್ದೆವು.

"ಆದ್ರೆ ಅವರು ಕಾಗದದ ಹಿಂಬದಿಗೂ ಒಂದು ದೀಪ ಬೇಕು ಅಂತಿದ್ದಾರೆ" ಎಂದಳು, ತುತ್ತು ಕಲಸುತ್ತ. "ಎರಡು ದೀಪ ಅಂದ್ರೆ ಎರಡು ಥ್ರೆಡ್. ಇಬ್ಬರೂ ಒಂದೇ ಕ್ಷಣಕ್ಕೆ ಏಳಬೇಕು. ಒಬ್ಬ ಎದ್ದು ಇನ್ನೊಬ್ಬನ್ನ ಎಬ್ಬಿಸೋದಾ, ಇಲ್ಲ ಇಬ್ಬರೂ ತಂತಮ್ಮ ಪಾಡಿಗೆ ಗಡಿಯಾರ ನೋಡೋದಾ? ಎಬ್ಬಿಸೋದು ಅಂದ್ರೆ ಅಲ್ಲೇ ತಡ..."

ಮಾತು ಮುಗಿಯುವಷ್ಟರಲ್ಲಿ ತಟ್ಟೆ ಅವಳ ಎಡಗೈಗೆ ಬಂದಿತ್ತು, ಅವಳು ಕಿಟಕಿಯ ಹತ್ತಿರವಿದ್ದಳು.